ಒಂದು ನಂಬರ್ ದೊಡ್ಡ ಚೂಡಿ

ನಮ್ಮ ಓಣಿಯ ಕೈಪಂಪಿನ ಬೋರಿಂಗು ಕೆಟ್ಟು ನಿಂತು ಎಂಟು ದಿನವಾಗಿತ್ತು. ಮೊನ್ನೆ ಮಧ್ಯಾಹ್ನ ಅದನ್ನು ರಿಪೇರಿ ಮಾಡುವವನು ಬಂದ. ಹಿಡಿಕೆಯ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡು ಸಲ ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಎಳೆದ, ಜಗ್ಗಲಿಲ್ಲ. ಆಮೇಲೆ ಚೀಲದಿಂದ ಬೆಂಕಿ ಉಗುಳುವ ಸಣ್ಣದೊಂದು ಡಬ್ಬಿ ತೆಗೆದು ಬೋಲ್ಟನ್ನು ಕಾಯಿಸಿದ. ಕಾದ ಮೇಲೆ ಮೇಣದಬತ್ತಿಯ ತುಂಡೊಂದನ್ನು ಅದಕ್ಕೆ ಒತ್ತಿ ಹಿಡಿದ. ಚುರ್ ಅಂತ ಹೊಗೆ ಎದ್ದಿತು. ಕಟ್ಟೆಯ ಮೇಲೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದೆ. ಆ ವಾಸನೆ ಮೂಗಿಗೆ ಬಂತು. ಕಾದ ಕಬ್ಬಿಣ, ಕರಗಿದ ಮೇಣ, ಚೂರು ಸುಟ್ಟ ಎಣ್ಣೆ... ಮೊರ ಕೈಯಲ್ಲೇ ನಿಂತಿತು.

ನನಗೆ ಬರೆಯುವ ರೂಢಿ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ನನ್ನ ತಮ್ಮನ ವಿಷಯದಲ್ಲಿ ಈ ಊರಿನ ಹಳೇ ಮೆಕಾನಿಕ್ಕುಗಳು ಇವತ್ತಿಗೂ ಒಂದು ಮಾತು ಹೇಳುತ್ತಾರೆ. ಹೊಸಬರಿಗೆ ಧೈರ್ಯ ಕೊಡಲು ಹೇಳುತ್ತಾರೆ, ಕೆಟ್ಟ ಮನಸ್ಸಿನಿಂದಲ್ಲ. "ಅಂಥಾ ಕೈ ಇದ್ದಾವನೂ ಮೊದಲನೇ ಫಟ್‌ಫಟಿಗೆ ಬೋಲ್ಟು ಮುರಿದಾನ, ನೀ ಯಾಕ ಅಳ್ತಿ?" ಅಂತ. ಆ ಮಾತು ಸುಳ್ಳು. ಅದು ಸುಳ್ಳು ಅಂತ ಬಲ್ಲವಳು ಈಗ ನಾನೊಬ್ಬಳೇ ಉಳಿದಿದ್ದೇನೆ.

ಆದವಾನಿ ಮದ್ರಾಸಿನ ಕೈಬಿಟ್ಟು ಆಂಧ್ರಕ್ಕೆ ಸೇರಿದ ಹೊಸತು. ಹತ್ತಿ ಯಾರ್ಡಿನ ಹಿಂದಿನ ಓಣಿಯಲ್ಲಿ ನಮ್ಮದು ಒಂದೇ ಖೋಲಿಯ ಮನೆ, ಮುಂದೆ ಒಂದು ಚಪ್ಪರ. ಸುಗ್ಗಿಯಲ್ಲಿ ಗಾಳಿ ಬೀಸಿದರೆ ಅಡುಗೆಯಲ್ಲೂ ಹತ್ತಿ ಎಳೆ ಸಿಗುತ್ತಿತ್ತು. ಅಪ್ಪ ಅವ್ವ ಇರಲಿಲ್ಲ. ನಾನು, ನನಗಿಂತ ಮೂರು ವರ್ಷ ಸಣ್ಣವನಾದ ತಮ್ಮ, ಇಬ್ಬರೇ. ನನ್ನನ್ನು ಹಾಲಹರವಿಗೆ ಕೊಟ್ಟಿದ್ದರು. ಗಂಡ ಜ್ವರ ಬಂದು ತೀರಿಕೊಂಡ. ಅಲ್ಲಿಯ ಹೆಂಗಸರು ಬಾವಿಯ ಕಲ್ಲಿಗೆ ನನ್ನ ಕೈ ಬಡಿದು ಬಳೆ ಒಡೆದರು. ಇಪ್ಪತ್ತೊಂದಕ್ಕೆ ತವರಿಗೆ ವಾಪಸು ಬಂದು ಜಿನ್ನಿಂಗ್ ಮಿಲ್ಲಿಗೆ ಸೇರಿದೆ. ದಿನವಿಡೀ ಯಂತ್ರದ ಬಾಯಿಗೆ ಹತ್ತಿ ಕೊಡುವ ಕೆಲಸ. ಕೈ ಗಟ್ಟಿಯಾಯಿತು.

ನಮ್ಮ ಓಣಿಗೆ ವಾರಕ್ಕೊಮ್ಮೆ ಒಬ್ಬ ಬಳೆಗಾರ್ತಿ ಬರುತ್ತಿದ್ದಳು, ಸಾಬರಾಕೆ. "ಚೂಡೀ... ಚೂಡಿಯಾಂ..." ಅಂತ ಕೂಗುತ್ತಾ ಮನೆ ಮನೆ ಮುಂದೆ ನಿಲ್ಲುವಳು. ಅವರ ಮಾತಿನಲ್ಲಿ ಚೂಡಿ ಅಂದರೆ ಬಳೆ. ನನ್ನ ಮದುವೆಗೆ ಮುಂಚೆ ನಮ್ಮ ಕಟ್ಟೆಯ ಮೇಲೇ ಬುಟ್ಟಿ ಇಳಿಸುತ್ತಿದ್ದವಳು. ನಾನು ವಾಪಸು ಬಂದ ಮೇಲೆ ನಮ್ಮ ಬಾಗಿಲು ದಾಟುವವರೆಗೆ ಮಾತ್ರ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದಳು. ಪಾಪ, ನನಗೆ ನೋವಾಗಬಾರದೆಂದು. ಆ ಎರಡು ಮಾರಿನ ಮೌನ ನನಗೆ ಕೂಗಿಗಿಂತ ಜೋರಾಗಿ ಕೇಳಿಸುತ್ತಿತ್ತು.

ನಮ್ಮಲ್ಲಿ ಉಡಿಕಿ ಇತ್ತು. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವ ಪದ್ಧತಿ. ನಂದವರಂನಲ್ಲಿ ನಲವತ್ತು ದಾಟಿದ, ಎರಡು ಮಕ್ಕಳ ಒಬ್ಬಾತನನ್ನು ನಮ್ಮ ಸೋದರಮಾವ ಗೊತ್ತು ಮಾಡಿಕೊಂಡು ಬಂದಿದ್ದ. ನಾನು ಒಲ್ಲೆ ಅಂದೆ. ಮಾವ ಕೂಗಾಡಿದ. ಆಗ ತಮ್ಮ ಊಟದ ತಾಟು ಸರಿಸಿ ಎದ್ದು ನಿಂತು, "ಮಾವ, ಅಕ್ಕ ಒಲ್ಲೆ ಅಂದ್ರ ಮುಗೀತು. ಇನ್ನ ಈ ಮನ್ಯಾಗ ಆ ಮಾತು ಎತ್ತಂಗಿಲ್ಲ, ನಾನೂ ಎತ್ತಂಗಿಲ್ಲ," ಅಂದ. ನನ್ನ ಕಡೆ ತಿರುಗಿ, "ಮಾತು ಕೊಡ್ತೀನಕ್ಕ," ಅಂದ. ಹತ್ತೊಂಬತ್ತು ವರ್ಷದವನು, ಮೀಸೆ ಇನ್ನೂ ಸರಿಯಾಗಿ ಕೂತಿರಲಿಲ್ಲ.

ಅವನು ಕಲಿತದ್ದು ಒಬ್ಬ ಮುದುಕ ಉಸ್ತಾದರ ಹತ್ತಿರ. ಉಸ್ತಾದರಿಗೆ ಒಂದು ಕಣ್ಣು ಮಬ್ಬು, ಇನ್ನೊಂದೂ ಅದೇ ದಾರಿ ಹಿಡಿದಿತ್ತು. ಸೈಕಲ್ಲು, ಎಣ್ಣೆ ಇಂಜಿನ್ನು, ಊರಲ್ಲಿದ್ದ ಎರಡು ಮೂರು ಫಟ್‌ಫಟಿ ಅಂದರೆ ಮೋಟಾರ್ ಸೈಕಲ್ಲು, ಎಲ್ಲ ನೋಡುತ್ತಿದ್ದರು. ಕಣ್ಣು ಸಾಲದಾದಾಗ ಒಂದೊಂದೇ ಕೆಲಸವನ್ನು ತಮ್ಮನ ಕೈಗೆ ದಾಟಿಸತೊಡಗಿದರು.

ಹಾಗೆ ದಾಟಿ ಬಂದದ್ದು ಹತ್ತಿ ಏಜೆಂಟರ ಫಟ್‌ಫಟಿ. ಯುದ್ಧದಲ್ಲಿ ಮಿಲಿಟರಿಯವರು ಓಡಿಸಿ ಹರಾಜು ಹಾಕಿದ್ದು. ಕರಿ ಬಣ್ಣ ಕೆರೆದರೆ ಒಳಗೆ ಹಸಿರು ಕಾಣುತ್ತಿತ್ತು. ಇಂಜಿನ್ನಿನ ತಲೆ ಬಿಚ್ಚಬೇಕು, ಅದನ್ನು ಹಿಡಿದ ಬೋಲ್ಟುಗಳಲ್ಲಿ ಎರಡು ಕೆಟ್ಟಿದ್ದವು. ಒಂದು, ಎಷ್ಟು ತಿರುವಿದರೂ ಹಿಡಿಯದೆ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಇನ್ನೊಂದು, ಏನು ಮಾಡಿದರೂ ಅಲುಗುತ್ತಿರಲಿಲ್ಲ. ಮುಂಚೆ ಯಾರೋ ಎಳೆದಾಡಿ ಅದರ ಮೂಲೆಗಳನ್ನೆಲ್ಲ ಸವೆಸಿ ಗುಂಡಗೆ ಮಾಡಿದ್ದರು.

ಏಜೆಂಟರು ತೆಲುಗಿನವರು, ನಮ್ಮ ಮಾತೂ ಬರುತ್ತಿತ್ತು. ಸೋಮವಾರ ಹಮಾಲರಿಂದ ಗಾಡಿ ತಳ್ಳಿಸಿಕೊಂಡು ಬಂದು ನಮ್ಮ ಚಪ್ಪರದ ಕೆಳಗೆ ನಿಲ್ಲಿಸಿದರು. "ಶನಿವಾರಕ್ಕ ಇದು ಸ್ಟಾರ್ಟ್ ಆತಂದ್ರ, ಪ್ರೆಸ್ಸಿನ ಫಿಟ್ಟಿಂಗ್ ಶಾಪಿನ್ಯಾಗ ನಿನ್ನ ಕೂಡಿಸೋ ಜವಾಬ್ದಾರಿ ನಂದಯ್ಯಾ," ಅಂದರು. ಪ್ರೆಸ್ಸು ಹತ್ತಿ ಒತ್ತಿ ಬೇಲು ಕಟ್ಟುವ ಕಾರ್ಖಾನೆ, ಅದರ ಫಿಟ್ಟಿಂಗ್ ಶಾಪು ಅಂದರೆ ಕಾಯಂ ನೌಕರಿ. ತಮ್ಮ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಅವನ ಕೆಲಸ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಎರಡು ದಿನ ಆ ಬೋಲ್ಟಿಗೆ ಪಾನಾ ಹಚ್ಚಲೇ ಇಲ್ಲ. ಅರ ತಗೊಂಡು ಗುಂಡಗಾದ ತಲೆಯನ್ನು ಉಜ್ಜಿ ಉಜ್ಜಿ ಹೊಸ ಮೂಲೆ ತೆಗೆದ. ಬೆಳಿಗ್ಗೆ ಸಂಜೆ ನಾಲ್ಕು ಹನಿ ಗ್ಯಾಸೆಣ್ಣೆ ಬಿಡುವುದು, ಸಣ್ಣ ಸುತ್ತಿಗೆಯಿಂದ ಟಿಕ್ ಟಿಕ್ ಅಂತ ತಟ್ಟುವುದು, ಮತ್ತೆ ಬೀಡಿ ಹಚ್ಚಿ ಕೂಡುವುದು.

"ಏನೋ, ಬೋಲ್ಟು ಬಿಚ್ಚಾಕ ಹತ್ತಿಯೋ, ಅದನ್ನ ಮಲಗಿಸಾಕ ಹತ್ತಿಯೋ?" ಅಂದೆ.

"ಅವಸರ ಮಾಡಿದ್ರ ಸಿಟ್ಟಿಗೇಳ್ತೈತಕ್ಕ. ಬಿಚ್ಚೋಕ ಮೊದಲ ಒಂದೀಟು ಬಿಗಿ ಮಾಡ್ಬೇಕು. ನಾವು ಬಿಚ್ಚಾಕ ಬಂದೀವಿ ಅಂತ ಅದಕ್ಕ ಗೊತ್ತಾಗಬಾರದು."

ಅವನ ಆಟ ಅಂದುಕೊಂಡೆ. ನಿಜವಾಗಿ ಅದೇ ಕೆಲಸವಾಗಿತ್ತು. ಬಲಕ್ಕೆ ಒಂದು ಕೂದಲಿನಷ್ಟು ಬಿಗಿ ಮಾಡಿದರೆ ತುಕ್ಕು ಸೀಳುತ್ತದೆ, ಆಮೇಲೆ ಎಡಕ್ಕೆ ತಿರುವಿದರೆ ಬರುತ್ತದೆ.

ಬುಧವಾರ ಯಂತ್ರದ ಬೆಲ್ಟು ಹರಿದು ಮಿಲ್ಲು ಎರಡು ದಿನ ನಿಂತಿತು. ನಾನು ಮನೆಯಲ್ಲಿ ಜೋಳ ಬೀಸುತ್ತಿದ್ದೆ. ಹೊರಗೆ ಚಪ್ಪರದಲ್ಲಿ ಉಸ್ತಾದರು ಬಂದು ಕೂತರು. ಬೀಸುಕಲ್ಲು ನಿಲ್ಲಿಸಿದಾಗೆಲ್ಲ ಅವರ ಮಾತು ತುಂಡು ತುಂಡಾಗಿ ಒಳಗೆ ಬರುತ್ತಿತ್ತು.

"ಚೂಡಿ ಪೂರಾ ಹೋಗ್ಯಾವ ಬೇಟಾ," ಅಂತ ಉಸ್ತಾದರ ದನಿ. "ಹಂಗs ಬಿಟ್ರ ಯಾರ ಕೈಗೂ ನಿಲ್ಲಂಗಿಲ್ಲ. ಹೊಸಾ ಚೂಡಿ ಹಾಕ್ಬೇಕು."

"ಮೊದಲಿನ ಸೈಜೇ ಆಗ್ತೈತೇನು ಉಸ್ತಾದ್?"

"ಅರೇ, ಹೆಂಗಾಗ್ತೈತಿ? ಒಂದು ನಂಬರ್ ದೊಡ್ಡದು ನೋಡ್ಬೇಕು. ನಂದವರಂದಾಗ ಐತಿ. ಹೋಗಿ ಕೇಳು, ಇಲ್ಲ ಅನ್ನಂಗಿಲ್ಲ."

"ನಾಳೇನs ಹೋಗ್ತೀನಿ. ಎಷ್ಟು ದಿನಾಂತ ಮನ್ಯಾಗ ಇಟ್ಕೊಂಡು ಕುಂದರ್ಲಿ? ಈ ವಾರ ಮುಗಿಸಿಬಿಡ್ಬೇಕು."

ಇಷ್ಟು ಕೇಳಿದೆ. ಕೈಯಲ್ಲಿದ್ದ ಜೋಳ ನೆಲಕ್ಕೆ ಬಿತ್ತು.

ಬೋಲ್ಟಿನ ಮೈಮೇಲೆ, ಅದು ಕೂರುವ ತೂತಿನ ಒಳಗೆ, ಸುತ್ತು ಸುತ್ತಾಗಿ ಗೆರೆ ಇರುತ್ತವಲ್ಲ, ಅವಕ್ಕೆ ಮೆಕಾನಿಕ್ಕುಗಳು ಚೂಡಿ ಅನ್ನುತ್ತಾರೆ. ಬಳೆ ಮೇಲೆ ಬಳೆ ಇಟ್ಟಂತೆ ಕಾಣುತ್ತವೆ ಅಂತ. ಒಂದು ಬೋಲ್ಟಿನ ತೂತಿನಲ್ಲಿ ಆ ಗೆರೆ ಸವೆದು ಹೋಗಿದ್ದವು. ಅಲ್ಲಿ ಒಂದು ನಂಬರ್ ದೊಡ್ಡ ಗೆರೆ ಕೊರೆಯಬೇಕು, ಕೊರೆಯುವ ಸಾಮಾನು ನಂದವರಂನಲ್ಲಿ ಇಂಜಿನ್ ರಿಪೇರಿ ಮಾಡುವ ಒಬ್ಬರ ಹತ್ತಿರ ಇದೆ. ಅವರಿಬ್ಬರು ಆಡಿದ ಮಾತು ಇಷ್ಟೇ. ನನಗೆ ಗೊತ್ತಿದ್ದ ಚೂಡಿ ಒಂದೇ, ಬಳೆಗಾರ್ತಿಯ ಬುಟ್ಟಿಯಲ್ಲಿದ್ದದ್ದು. ಬಳೆ ಹೋದವಳು ಯಾರು? ಮನೆಯಲ್ಲಿ ಇಟ್ಟುಕೊಂಡು ಕೂತದ್ದು ಯಾರನ್ನು? ನಂದವರಂನಲ್ಲಿ ಇರುವ ಒಂದು ನಂಬರ್ ದೊಡ್ಡವನು ಯಾರು?

"ಐತಿ" ಅಂದಿದ್ದರು. ಮನುಷ್ಯನಾಗಿದ್ದರೆ "ಅದಾನ" ಅನ್ನುತ್ತಿದ್ದರು. ಅದು ನನ್ನ ಕಿವಿಗೆ ಬೀಳದೆ ಇರಲಿಲ್ಲ. ಸಂಬಂಧ ಐತಿ ಅಂತ ನಾನೇ ತುಂಬಿಕೊಂಡೆ. ಎದ್ದು ಹೋಗಿ ಒಂದು ಮಾತು ಕೇಳಿದ್ದರೆ... ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನು ಒಗೆದ ಅಂಗಿ ಹಾಕಿಕೊಂಡು ಹೊರಟ.

"ಎಲ್ಲಿಗೆ?"

"ನಂದವರಂಗೆ. ಬಂದು ಹೇಳ್ತೀನಕ್ಕ." ನಗುತ್ತಿದ್ದ. "ಆ ಬೋಲ್ಟಿಗೆ ಎರಡು ಸಲ ಎಣ್ಣಿ ಬಿಡು. ಮುಟ್ಟಬ್ಯಾಡ."

ಮಾತು ಕೊಟ್ಟವನು ಒಗೆದ ಅಂಗಿ ತೊಟ್ಟು ನನ್ನನ್ನು ಒಪ್ಪಿಸಲು ಹೊರಟಿದ್ದಾನೆ ಅಂತಲೇ ನಂಬಿದೆ. ನಂದವರಂ ದಾರಿಯ ಎಮ್ಮಿಗನೂರಿನ ಬಸ್ಸು ಹೋದ ಸದ್ದು ಕೇಳುವವರೆಗೆ ಬಾಗಿಲಲ್ಲಿ ನಿಂತೆ. ಆಮೇಲೆ ಚಪ್ಪರಕ್ಕೆ ಹೋದೆ. ಪಾನಾ ಅಲ್ಲೇ ಇತ್ತು. ಗೋಡೆಗೆ ಒರಗಿಸಿದ ನೀರಿನ ಪೈಪಿನ ತುಂಡನ್ನು ಅದರ ಬಾಲಕ್ಕೆ ಸಿಕ್ಕಿಸಿದೆ. ಅವನಿಗೆ ಈ ಬೋಲ್ಟು ಅಷ್ಟು ದೊಡ್ಡದಾಯಿತಲ್ಲವಾ, ನನಗಿಂತ ಇದನ್ನೇ ಜೋಪಾನ ಮಾಡುತ್ತಾನಲ್ಲವಾ ಅಂತ ಮಿಲ್ಲಿನಲ್ಲಿ ಗಟ್ಟಿಯಾದ ಎರಡೂ ಕೈಯಿಂದ ಎಳೆದೆ.

ಒಂದು ಕ್ಷಣ ಬೆಣ್ಣೆಯಲ್ಲಿ ತಿರುಗಿದಂತೆ ಮೆತ್ತಗಾಯಿತು. ಬಂತು ಅಂದುಕೊಂಡೆ. ಆಮೇಲೆ ಕಟಕ್ ಅಂದಿತು. ಬೋಲ್ಟಿನ ತಲೆ ಪಾನಾದ ಬಾಯಲ್ಲಿ ಉಳಿಯಿತು, ಮೈ ಇಂಜಿನ್ನಿನೊಳಗೆ.

ಮಾಡಿದ್ದಕ್ಕಿಂತ ಆಮೇಲೆ ಮಾಡಿದ್ದು ಹೆಚ್ಚು ನಾಚಿಕೆಯದು. ತಲೆಯನ್ನು ಮುರಿದ ಜಾಗದ ಮೇಲೆ ಮೊದಲಿನಂತೆ ಕೂಡಿಸಿದೆ. ಸಂದಿಗೆ ಎಣ್ಣೆ ಬಿಟ್ಟೆ, ಮೇಲೆ ಚೂರು ಧೂಳು ಉದುರಿಸಿದೆ. ಪೈಪನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ಸಾರಿಗೆ ಬೇಳೆ ಇಟ್ಟೆ.

ಅವನು ಸಂಜೆ ಬಂದ. ಬಾಗಿಲಿಂದಲೇ ಕೂಗು. "ಅಕ್ಕಾ, ಸಿಕ್ತು! ನೋಡಿಲ್ಲಿ!" ಬಟ್ಟೆ ಬಿಚ್ಚಿ ತೋರಿಸಿದ. ಬೆರಳುದ್ದದ ಉಕ್ಕಿನ ಸಾಮಾನು, ಎಳೇ ಸಜ್ಜೆ ತೆನೆಯ ಹಾಗೆ ಮೈತುಂಬ ಹಲ್ಲು. "ಇದನ್ನ ತೂತಿನ್ಯಾಗ ಇಟ್ಟು ತಿರುವಿದ್ರ ಹೊಸಾ ಚೂಡಿ ಬೀಳ್ತಾವ. ಹಳೇ ಚೂಡಿ ಹೋಗ್ಯಾವಲ್ಲ, ಅದಕ್ಕ ಒಂದು ನಂಬರ್ ದೊಡ್ಡದು. ನಂದವರಂ ಮುದುಕ ಕೊಡಾಕ ಒಲ್ಲೆ ಅಂದ, ಉಸ್ತಾದರ ಹೆಸರು ಹೇಳೀನಿ, ಕೊಟ್ಟ."

ನಾನು ಒಲೆಯ ಕಡೆ ಮುಖ ತಿರುಗಿಸಿದೆ. "ಅದಕ್ಕ ಚೂಡಿ ಅಂತಾರೇನು?" ಅಂತ ಕೇಳಿದೆ.

"ಹೌದಕ್ಕ. ಯಾಕ?"

"ಏನಿಲ್ಲ," ಅಂದೆ.

ಶುಕ್ರವಾರ ಬೆಳಿಗ್ಗೆ ಬೋಲ್ಟಿಗೆ ಮೆಲ್ಲಗೆ ಪಾನಾ ಇಟ್ಟ. ತಲೆ ಅವನ ಕೈಗೇ ಬಂತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವನು ಗಾಡಿಯನ್ನು ನೋಡಲಿಲ್ಲ. ತನ್ನ ಬಲಗೈ ತಿರುಗಿಸಿ ಅಂಗೈ ನೋಡಿಕೊಂಡ.

"ಬುಧವಾರ ಒಂದೀಟು ಬಿಗಿ ಮಾಡಿ ನೋಡಿದ್ನೆಲ್ಲ," ಅಂದ ಒಳಗೆ ಬಂದು. "ಅವಾಗs ಸೀಳಿರಬೇಕು. ನನ್ನ ಕೈ ಭಾರ ಆತಕ್ಕ."

ಆಗ ಹೇಳಬಹುದಿತ್ತು. ಬಾಯಿ ತನಕ ಬಂತು. ಯಾಕೆ ಮುರಿದೆ ಅಂತ ಕೇಳಿದರೆ? ನಿನ್ನನ್ನು ನಂಬಲಿಲ್ಲ ಅನ್ನಬೇಕು... ಹೋಗಿ ಒಲೆಗೆ ಕಟ್ಟಿಗೆ ಹಾಕಿದೆ.

ಶನಿವಾರ ಏಜೆಂಟರು ಬಂದರು. ನೋಡಿ, "ಇರಗ್ಗೊಟ್ನಾವಾ?" ಅಂದರು. ಮುರಿದು ಹಾಕಿದೆಯಾ ಅಂತ.

"ಹೌದ್ರಿ ಸಾರ್. ನನ್ನ ಕೈಯಾಗs ಮುರೀತು. ನಾಲ್ಕು ದಿನ ಕೊಡ್ರಿ, ತೆಗೀತೀನಿ."

ಏಜೆಂಟರು ಬೈಯಲಿಲ್ಲ. "ಗಾಡಿ ಮಾಡಿಕೊಡು. ಫಿಟ್ಟಿಂಗ್ ಶಾಪಿನ ಮಾತು ಇನ್ನ ಬ್ಯಾಡ," ಅಂದು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮುರಿದ ತುಂಡನ್ನು ತೆಗೆಯಲು ಅವನಿಗೆ ಮೂರು ದಿನ ಹಿಡಿಯಿತು. ತುಂಡಿನ ನಟ್ಟ ನಡುವೆ ಮೊಳೆಯಿಂದ ಗುರುತು ಹೊಡೆದ. ಬೈರಿಗೆಯ ಹಿಡಿಕೆ ತಿರುಗಿಸಲು ಇನ್ನೊಬ್ಬರು ಬೇಕಿತ್ತು. ಮಿಲ್ಲಿನಿಂದ ಬಂದು ನಾನೇ ನಿಂತೆ. ಅವನು ನೆಟ್ಟಗೆ ಹಿಡಿಯುವುದು, ನಾನು ತಿರುಗಿಸುವುದು. ಕೂದಲಿನಂಥ ಕಬ್ಬಿಣದ ಎಳೆ ಸುರುಳಿ ಸುರುಳಿಯಾಗಿ ಹೊರಗೆ ಬರುತ್ತಿತ್ತು. "ಭೇಷ್ ಅಕ್ಕ, ನಿನ್ನ ಕೈ ಹಗುರೈತಿ ನೋಡು, ನನ್ನಂಗಲ್ಲ," ಅನ್ನುತ್ತಿದ್ದ. ಆ ಮಾತು ಬೈರಿಗೆಯ ಹಾಗೆ ನನ್ನೊಳಗೆ ಇಳಿಯುತ್ತಿತ್ತು.

ಮೂರನೇ ದಿನ ಸಂಜೆ, ಕೊರೆದ ತೂತಿಗೆ ಹಳೇ ಅರದ ಚೌಕದ ಬಾಲವನ್ನು ಬಡಿದು ಕೂಡಿಸಿದ. ಉಸ್ತಾದರೂ ಬಂದು ಕೂತಿದ್ದರು, ಅವರ ಬೆಂಕಿ ಉಗುಳುವ ಊದುದೀಪದಿಂದ ಸುತ್ತ ಕಾಯಿಸಿದ. ಮೇಣದಬತ್ತಿ ಹಚ್ಚಿ ಹಿಡಿದ. ಕಾದ ಕಬ್ಬಿಣ ಮೇಣವನ್ನು ನೀರು ಕುಡಿದಂತೆ ಕುಡಿಯಿತು. ಅದೇ ವಾಸನೆ... ಬಲಕ್ಕೆ ಒಂದು ಕೂದಲು. ಎಡಕ್ಕೆ. ಕಿರ್ರ್ ಅಂದಿತು. ಅಷ್ಟಕ್ಕೆ ಅವನು ಕೈ ತೆಗೆದುಬಿಟ್ಟ.

"ನೀವು ತಿರುವ್ರಿ ಉಸ್ತಾದ್. ನನಗ ಬ್ಯಾಡ."

ಉಸ್ತಾದರು ಕಣ್ಣು ಸರಿಯಾಗಿ ಕಾಣದೆ ಕೈಯಿಂದ ತಡಕಾಡಿ ಹಿಡಿದು ತಿರುವಿದರು. ತುಂಡು ಹೊರಗೆ ಬಂತು. ಸವೆದ ತೂತಿಗೆ ಒಂದು ನಂಬರ್ ದೊಡ್ಡ ಚೂಡಿಯೂ ಬಿದ್ದವು. ಗಾಡಿ ಸ್ಟಾರ್ಟಾಗಿ ಓಣಿಯ ಕೋಳಿಗಳೆಲ್ಲ ಓಡಿದವು. ಎಲ್ಲರೂ ನಕ್ಕರು, ತಮ್ಮನೂ ನಕ್ಕ. ಆ ತುಂಡನ್ನು ಯಾರೂ ನೋಡದಾಗ ನಾನು ಸೆರಗಿಗೆ ಕಟ್ಟಿಕೊಂಡೆ.

ಅಲ್ಲಿಂದ ಒಂದೂವರೆ ವರ್ಷ ಹಾಗೇ ನಡೆಯಿತು. ಎಂಥ ಕಚ್ಚಿಕೊಂಡ ಬೋಲ್ಟು ಬರಲಿ, ಎಣ್ಣೆ ಬಿಡುವುದು, ತಟ್ಟುವುದು, ಕಾಯಿಸುವುದು ಎಲ್ಲ ಅವನದೇ. ಕೊನೆಯ ಎಳೆತಕ್ಕೆ ಮಾತ್ರ ಉಸ್ತಾದರನ್ನು ಕರೆಯುವನು. ಉಸ್ತಾದರೇ ಬೈದರು. "ನಾ ಸತ್ರ ಏನ್ ಮಾಡ್ತೀಯೋ, ಗೋರಿಯಿಂದ ಎಬ್ಬಿಸ್ತೀ?" "ನನ್ನ ಕೈ ಭಾರ ಉಸ್ತಾದ್," ಅನ್ನುವನು. ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯವರು ಅವನಿಗೆ ಅರ್ಧ ಮೆಕಾನಿಕ್ ಅಂತ ಹೆಸರಿಟ್ಟರು. ನಾನು ಅವನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ದಿನಾ ಇವತ್ತು ಹೇಳಬೇಕು ಅಂದುಕೊಳ್ಳುವುದು. ದಿನ ಕಳೆದಷ್ಟೂ ಆ ಮಾತು ತುಕ್ಕು ಹಿಡಿಯಿತು.

ಆ ಒಂದೂವರೆ ವರ್ಷ ತುಂಬಿ, ಸುಗ್ಗಿ ಮುಗಿಯುವ ಹೊತ್ತಿಗೆ ಉಸ್ತಾದರ ಎರಡನೇ ಕಣ್ಣೂ ಹೋಯಿತು, ಕೈಯೂ ನಡುಗತೊಡಗಿತು. ಅದೇ ವಾರ ಏಜೆಂಟರು ಬಂದರು. ಅದೇ ಫಟ್‌ಫಟಿ, ಅದೇ ತಲೆ, ಈ ಸಲ ಇನ್ನೊಂದು ಬೋಲ್ಟು ಕಚ್ಚಿತ್ತು.

"ನೀನೇ ನೋಡಯ್ಯಾ. ಶಾಪಿನ್ಯಾಗ ಒಂದು ಜಾಗ ಖಾಲಿ ಐತಿ. ನಾ ಇನ್ನೊಂದು ಸಲ ಕೇಳ್ತೀನಿ, ನೀ ಇನ್ನೊಂದು ಸಲ ಮಾಡಿ ತೋರ್ಸು."

"ಒಲ್ಲೆ ಸಾರ್," ಅಂದ ತಮ್ಮ. "ನನ್ನ ಕೈ ಭಾರ ಐತಿ. ಮತ್ತ ಮುರೀತಂದ್ರ?"

"ನಾಡಿದ್ದು ಮುಂಜಾನಿ ಬರ್ತೀನಿ. ಗಾಡಿ ಇಲ್ಲೇ ಇರ್ಲಿ. ವಿಚಾರ ಮಾಡು."

ಅವನು ವಿಚಾರ ಮಾಡಲಿಲ್ಲ. ಬೋಲ್ಟಿಗೆ ರೂಢಿಯಂತೆ ಎಣ್ಣೆ ಮಾತ್ರ ಬಿಟ್ಟ. ಆಮೇಲೆ ಸುತ್ತಿಗೆ, ಅರ, ಪಾನಾಗಳನ್ನು ಚೀಲಕ್ಕೆ ತುಂಬತೊಡಗಿದ. "ಉಸ್ತಾದರ ಮನಿಗೆ ಕೊಟ್ಟು ಬರ್ತೀನಕ್ಕ. ನಾಳಿಂದ ನಿಮ್ಮ ಮಿಲ್ಲಿನ್ಯಾಗs ಹಮಾಲಿ ಕೇಳ್ತೀನಿ." ಸಂಜೆಯ ಬಿಸಿಲು ಚಪ್ಪರದ ಸಂದಿಯಿಂದ ಅವನ ಬೆನ್ನ ಮೇಲೆ ಬಿದ್ದಿತ್ತು. ಆ ಬೆನ್ನಿಗೇ ಹೇಳಿದೆ. ಮುಖಕ್ಕೆ ಹೇಳಲು ನನಗೆ ಆಗುತ್ತಿರಲಿಲ್ಲ.

"ಆ ಬೋಲ್ಟು ನಿನ್ನ ಕೈಯಾಗ ಮುರಿದಿಲ್ಲ."

"ಯಾವುದು?"

"ಆವಾಗಿಂದು. ನೀ ನಂದವರಂಗೆ ಹೋಗಿದ್ದೆಲ್ಲ, ಅವತ್ತು. ನಾ ಮುರಿದೆ. ಪಾನಾಕ್ಕ ಪೈಪು ಹಾಕಿ."

ಚೀಲ ಬಿಟ್ಟು ತಿರುಗಿದ. ಕೋಪ ಬಂದಿದೆಯೋ ಇಲ್ಲವೋ ತಿಳಿಯಲಿಲ್ಲ. ಅವನ ಬಾಯಿಂದ ಮೊದಲು ಬಂದದ್ದು ಮೆಕಾನಿಕ್ಕಿನ ಪ್ರಶ್ನೆ.

"ಯಾವ ಕಡೆ ತಿರುವಿದಿ?"

"ನನಗೇನ್ ಗೊತ್ತು? ಬೀಸೋಕಲ್ಲು ತಿರುವಿದಂಗ ತಿರುವಿದೆ." ನಮ್ಮ ಮನೆಯ ಬೀಸುಕಲ್ಲು ಬಲಕ್ಕೆ ತಿರುಗುತ್ತಿತ್ತು.

"ಅಕ್ಕಾ! ಬಲಕ್ಕ ತಿರುವಿದ್ರ ಬಿಗಿ ಆಗ್ತೈತಿ! ಬಿಗಿ ಮಾಡಿ ಮಾಡಿ ಮುರದೀಯಾ? ಮಿಲಿಟರಿ ಬೋಲ್ಟು?" ಬಿದ್ದು ಬಿದ್ದು ನಕ್ಕ. ಚಪ್ಪರದ ಗಳ ಹಿಡಿದುಕೊಂಡು ನಕ್ಕ. "ಒಂದೂವರೆ ವರ್ಷ... ನನ್ನ ಕೈ, ನನ್ನ ಕೈ ಅಂತ..." ನಗು ಒಮ್ಮೆಲೇ ನಿಂತಿತು. "ಯಾಕ?"

ಹೇಳಿದೆ. ಬೀಸುಕಲ್ಲಿನ ಮುಂದೆ ಕೇಳಿದ್ದು, ಚೂಡಿ, ಒಂದು ನಂಬರ್ ದೊಡ್ಡದು, ನಂದವರಂ, ಮನ್ಯಾಗ ಇಟ್ಕೊಂಡು ಕುಂದರೋದು, ಒಗೆದ ಅಂಗಿ. ಒಂದೂ ಬಿಡಲಿಲ್ಲ. ಮತ್ತೆ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ನನ್ನ ಬರಿಗೈ ನೋಡಿದ, ನೆಲ ನೋಡಿದ.

"ನಾ ಮಾತು ಕೊಟ್ಟಿದ್ನೆಲ್ಲಕ್ಕ," ಅಂದ.

ಅಷ್ಟೇ. ಬೋಲ್ಟಿನ ಸುದ್ದಿ ಎತ್ತಲಿಲ್ಲ, ಹೋದ ನೌಕರಿಯ ಸುದ್ದಿ ಎತ್ತಲಿಲ್ಲ. ಎದ್ದು ಓಣಿಯ ಕಡೆ ನಡೆದ. ಊಟದ ಹೊತ್ತಿಗೆ ಬಂದು ಮಾತಿಲ್ಲದೆ ಉಂಡ. ಮರುದಿನ ಎದ್ದು ನನ್ನ ಕಡೆ ನೋಡದೆ ಚಪ್ಪರಕ್ಕೆ ಹೋದ. ಸಾಮಾನಿನ ಚೀಲ ಮಾತ್ರ ಉಸ್ತಾದರ ಮನೆಗೆ ಹೋಗಲಿಲ್ಲ, ಚಪ್ಪರದಲ್ಲೇ ಇತ್ತು. ಟಿಕ್ ಟಿಕ್ ಅಂತ ತಟ್ಟುವ ಸದ್ದು ಒಳಗೆ ಕೇಳುತ್ತಿತ್ತು.

ಏಜೆಂಟರು ಬರುವ ದಿನ ಬೆಳಿಗ್ಗೆ ನನ್ನನ್ನು ಕರೆದ. "ಅಕ್ಕಾ, ಮೇಣದಬತ್ತಿ ತಗೊಂಡು ಬಾ." ಎರಡು ದಿನದಲ್ಲಿ ಅದೇ ಮೊದಲ ಮಾತು. ಏಜೆಂಟರು ಕೋಟಿನ ಜೇಬಿನಲ್ಲಿ ಕೈ ಇಟ್ಟು ನಿಂತಿದ್ದರು. ಉಸ್ತಾದರನ್ನೂ ಕೈಹಿಡಿದು ಕರೆತಂದು ಕೂಡಿಸಿದ್ದ. ಅವನು ಕಾಯಿಸಿದ, ನಾನು ಮೇಣ ಹಿಡಿದೆ. ಪಾನಾ ಇಟ್ಟ. ಬಲಕ್ಕೆ ಒಂದು ಕೂದಲು. ನಿಲ್ಲಿಸಿದ. ಅವನ ಕಣ್ಣು ಉಸ್ತಾದರ ಕಡೆ ಹೋಯಿತು, ಅಲ್ಲಿಂದ ನನ್ನ ಕಡೆ ಬಂತು. ನಾನು ಕಣ್ಣು ತಪ್ಪಿಸಲಿಲ್ಲ.

ಎಡಕ್ಕೆ ಎಳೆದ. ಕಿರ್ರ್ ಅಂದಿತು. ಮತ್ತೆ ಎಳೆದ. ಆಮೇಲೆ ಪಾನಾ ಬಿಟ್ಟು ಬೆರಳಿನಿಂದಲೇ ತಿರುವಿ ತಿರುವಿ ಪೂರಾ ಬೋಲ್ಟನ್ನು ಹೊರಗೆ ತೆಗೆದು ಉಸ್ತಾದರ ಅಂಗೈಯಲ್ಲಿಟ್ಟ. ಮುದುಕರು ಅದರ ಮೈಯನ್ನು ಹೆಬ್ಬೆರಳಿನಿಂದ ಸವರಿದರು. "ಎಲ್ಲಾ ಚೂಡಿ ಅದಾವ," ಅಂದರು. "ಒಂದೂ ಸತ್ತಿಲ್ಲ."

ಫಿಟ್ಟಿಂಗ್ ಶಾಪಿಗೆ ಸೇರಿದ. ಹತ್ತು ವರ್ಷದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದ. ಎಲ್ಲಿ ಬೋಲ್ಟು ಮುರಿದರೂ ಗಾಡಿ ಅವನ ಬಾಗಿಲಿಗೆ ಬರುತ್ತಿತ್ತು. ಮೊದಲ ಬೋಲ್ಟು ನಾನು ಮುರಿದದ್ದು ಅಂತ ಅವನು ಯಾರಿಗೂ ಹೇಳಲಿಲ್ಲ. ನಾನು ಹೇಳುತ್ತೇನೆ ಅಂದರೂ ಬಿಡಲಿಲ್ಲ. "ಇರ್ಲಿ ಬಿಡಕ್ಕ. ಹುಡುಗರಿಗೆ ಆ ಕತಿ ಕೇಳಿದ್ರ ಧೈರ್ಯ ಬರ್ತೈತಿ," ಅನ್ನುತ್ತಿದ್ದ.

ಫಿಟ್ಟಿಂಗ್ ಶಾಪಿನ ಮೊದಲ ಪಗಾರದ ದಿನ ಒಂದು ಕಾಗದದ ಪೊಟ್ಟಣ ತಂದು ನನ್ನ ಮುಂದಿಟ್ಟ. ಹಸಿರು ಗಾಜಿನ ಬಳೆ. "ಒಂದು ನಂಬರ್ ದೊಡ್ಡವು ತಂದೀನಿ. ನಿನ್ನ ಕೈ ಮಿಲ್ಲಿನ ಕೈ, ಪೈಪು ಹಾಕೋ ಕೈ."

"ಹುಚ್ಚೇನೋ ನಿನಗ? ಊರು ಏನಂತೈತಿ?"

"ಊರಿಗೆ ಚೂಡಿ ಅಂದ್ರ ಏನಂತ ಗೊತ್ತಿಲ್ಲ ಬಿಡಕ್ಕ. ನಿನಗ ಗೊತ್ತೈತೇನು?"

ನಾಲ್ಕು ದಿನ ಪೊಟ್ಟಣ ಡಬ್ಬಿಯಲ್ಲೇ ಇತ್ತು. ಐದನೇ ದಿನ ಕೈಗೆ ಎರಡೆರಡು ಹಾಕಿಕೊಂಡು ಮಿಲ್ಲಿಗೆ ಹೋದೆ. ಕೆಲವರು ನೋಡಿದರು, ಒಬ್ಬಾಕೆ ಬಾಯಿಗೆ ಸೆರಗು ಇಟ್ಟುಕೊಂಡಳು. ಯಂತ್ರಕ್ಕೆ ಏನೂ ವ್ಯತ್ಯಾಸವಾಗಲಿಲ್ಲ. ಮುಂದಿನ ವಾರ ಬಳೆಗಾರ್ತಿ ನಮ್ಮ ಬಾಗಿಲ ಮುಂದೆಯೂ ಕೂಗಿಕೊಂಡೇ ಹೋದಳು. ಉಡಿಕಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ, ನಾನು ಮದುವೆಯೂ ಆಗಲಿಲ್ಲ. ಬಳೆ ಮಾತ್ರ ಒಡೆದಂತೆಲ್ಲ ಹೊಸವು ಹಾಕಿಕೊಂಡು ಬಂದೆ.

ಒಂದು ಮಾತ್ರ ವಾಪಸು ಬರಲಿಲ್ಲ. ಆ ಸಂಜೆಯಾದ ಮೇಲೆ ನನ್ನ ತಮ್ಮ ನನಗೆ "ಮಾತು ಕೊಡ್ತೀನಿ" ಅಂತ ಒಂದು ಸಲವೂ ಅನ್ನಲಿಲ್ಲ. ಔಷಧ ತರುವುದಿದ್ದರೂ, ಮಾಳಿಗೆಗೆ ಮಣ್ಣು ಹಾಕಿಸುವುದಿದ್ದರೂ ಹೇಳುತ್ತಿರಲಿಲ್ಲ. ಮಾಡಿ ಮುಗಿಸಿ, "ಆತಕ್ಕ," ಅನ್ನುತ್ತಿದ್ದ. ಮಾಡದೆ ಬಿಟ್ಟದ್ದು ಒಂದೂ ಇಲ್ಲ. ಆದರೂ ಆ ಎರಡು ಶಬ್ದಕ್ಕಾಗಿ ನನ್ನ ಕಿವಿ ಕಾದೇ ಇತ್ತು. ಅವನು ಹೋಗಿ ಆರು ವರ್ಷವಾಯಿತು. ಕೊನೆಯ ದಿನಗಳಲ್ಲೂ ನನ್ನ ಕೈ ಹಿಡಿದು ಬಳೆ ಎಣಿಸುತ್ತಿದ್ದನೇ ಹೊರತು...

ಬೋರಿಂಗಿನವನು ಬೆವರು ಒರೆಸಿಕೊಂಡು ಮತ್ತೆ ಎಡಕ್ಕೆ ಎಳೆದ. ಜಗ್ಗಲಿಲ್ಲ. ನಾನು ಮೊರ ಕೆಳಗಿಟ್ಟೆ.

"ಮೊದಲ ಬಲಕ್ಕ ಒಂದೀಟು ಬಿಗಿ ಮಾಡಿ ನೋಡಪ್ಪ. ನೀ ಬಿಚ್ಚಾಕ ಬಂದೀಯಂತ ಅದಕ್ಕ ಗೊತ್ತಾಗಬಾರದು."

ಆತ ನನ್ನನ್ನೂ ನನ್ನ ಬಳೆಯನ್ನೂ ನೋಡಿದ. ಮುದುಕಿಯ ಮಾತು ತೆಗೆದುಹಾಕಬಾರದು ಅಂತ ಬಲಕ್ಕೆ ಒಂದು ಸ್ವಲ್ಪ ಒತ್ತಿದ. ಆಮೇಲೆ ಎಡಕ್ಕೆ. ಕಿರ್ರ್ ಅಂದಿತು. ಅರ್ಧ ಗಂಟೆಯಲ್ಲಿ ಬೋರಿಂಗಿನಿಂದ ಕೆಂಪು ನೀರು ಬಂತು, ಆಮೇಲೆ ತಿಳಿ ನೀರು.

"ಯಾರಮ್ಮಾ ನಿಮಗ ಇದನ್ನ ಹೇಳ್ಕೊಟ್ಟೋರು?"

"ನನ್ನ ತಮ್ಮ," ಅಂದೆ. "ಅವನ ಕೈಯಾಗ ಒಂದು ಬೋಲ್ಟೂ ಮುರಿದಿಲ್ಲಪ್ಪ. ಮೊದಲಿಂದು ಮುರಿದಾಕಿ ನಾನು."

ಆತ ಕೇಳಿದ್ದು ಅದಲ್ಲ. ಆದರೂ ಹೇಳಿದೆ.